ನಮ್ಮದಲ್ಲದ ನಾಯಿ

ಈ ಲೇಖನಕ್ಕೆ ನಿಮಿತ್ತವಾದದ್ದು ಒಂದು ನಾಯಿ. ಧರ್ಮವಿಚಾರವನ್ನು ನಾಯಿಯಿಂದ ಆರಂಭಿಸುವುದು ಕೆಲವರಿಗೆ ಅಗೌರವವಾಗಿ ಕಂಡೀತು. ಅಂಥವರಿಗೆ ನಮ್ಮ ಮಹಾಭಾರತವನ್ನೇ ಜ್ಞಾಪಿಸಬಹುದು. ಆದಿಪರ್ವದ ಪೌಷ್ಯಾಖ್ಯಾನದಲ್ಲಿ, ಜನಮೇಜಯನು ಸತ್ರದಲ್ಲಿರುವಾಗ ಅಲ್ಲಿಗೆ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದರು. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು ತನ್ನ ಮಗನು ಮಾಡಿದ ತಪ್ಪೇನೆಂದು ಕೇಳಿದಳು. ಸಭೆಯಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯವೊದಗಲೆಂದು ಶಪಿಸಿ ಆಕೆ ಹೊರಟುಹೋದಳು. ಗ್ರಂಥದ ಅಂತ್ಯದಲ್ಲಿ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದು ಬಂದದ್ದೂ ನಾಯಿಯೇ. ಪಾಠಶಾಲೆಯಲ್ಲಿ ಈ ಭಾಗಗಳನ್ನು ಓದುವಾಗ ವಿಭಕ್ತಿ ಸಮಾಸಗಳ ಕಡೆಗೆ ಗಮನವಿದ್ದಿತೇ ಹೊರತು ನಾಯಿಯ ಕಡೆಗಿರಲಿಲ್ಲ. ಗಮನ ಹರಿದದ್ದು ಎರಡು ವರ್ಷಗಳ ಹಿಂದೆ. ಅದೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ.

ನಡೆದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಡೂರಿನಲ್ಲಿ ನಮ್ಮದು ಹಳೆಯ ಬೀದಿ. ಮನೆಗಳಿಗೆ ಇನ್ನೂ ಜಗುಲಿಗಳುಂಟು. ವೈಶ್ವದೇವವಾದ ಮೇಲೆ ಒಂದು ಹಿಡಿ ಅನ್ನವನ್ನು ಜಗುಲಿಯ ಕೆಳಗೆ ಹಾಕುವುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಪದ್ಧತಿ. ಆ ಅನ್ನಕ್ಕೆ ಐದಾರು ವರ್ಷಗಳಿಂದ ಒಂದು ಕೆಂದುನಾಯಿ ಗೊತ್ತಾಗಿ ಬರುತ್ತಿತ್ತು. ನಮ್ಮ ಮನೆಯವರು ಅದನ್ನು ‘ಕೆಂಪ’ ಎಂದು ಕರೆಯುತ್ತಿದ್ದರು. ನಾನು ಹೆಸರು ಹಿಡಿದು ಕರೆದವನಲ್ಲ. ರಾತ್ರಿ ಅದು ನಮ್ಮ ಜಗುಲಿಯ ಮೇಲೆಯೇ ಮಲಗುವುದು. ಅಪರಿಚಿತರು ಬಂದರೆ ಬೊಗಳುವುದು. ನಾನು ಸಂಜೆ ರೈಲುನಿಲ್ದಾಣದ ಕಡೆಗೆ ತಿರುಗಾಡಲು ಹೊರಟರೆ ಬೀದಿಯ ತಿರುವಿನವರೆಗೆ ಬಂದು ನಿಲ್ಲುವುದು. ಅದು ನನ್ನನ್ನು ತನ್ನವನೆಂದು ತಿಳಿದಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 28ನೆಯ ತಾರೀಖನ್ನು ಲೋಕದಲ್ಲೆಲ್ಲ ರೇಬೀಸ್ ದಿನವೆಂದು ಆಚರಿಸುವ ವಾಡಿಕೆ 2007ರಿಂದ ಬಂದಿದೆ. ಹುಚ್ಚುನಾಯಿ ರೋಗಕ್ಕೆ ಮದ್ದು ಕಂಡುಹಿಡಿದ ಪಾಶ್ಚರ್ ಮಹಾಶಯನು 1895ರಲ್ಲಿ ಕಾಲವಾದ ದಿನ ಅದು. ಆ ಸುಮಾರಿಗೆ ನಾಯಿ ಬೆಕ್ಕುಗಳಿಗೆ ಉಚಿತವಾಗಿ ಚುಚ್ಚುಮದ್ದು ಹಾಕುವರೆಂದು ಊರಿನಲ್ಲಿ ಸಾರಿದರು. ಎದುರುಮನೆಯ ಹುಡುಗನು ಬಂದು, “ಮೇಷ್ಟ್ರೇ, ನಿಮ್ಮ ಕೆಂಪನ್ನ ಹಿಡ್ಕೊಂಡು ಹೋಗ್ಲಾ? ದೊಡ್ಡವರು ಯಾರಾದ್ರೂ ಜೊತೇಲಿ ಬರ್ಬೇಕಂತೆ” ಎಂದನು. “ಅದು ನಮ್ಮದಲ್ಲವಪ್ಪ” ಎಂದು ಹೇಳಿ ನಾನು ಪುಸ್ತಕದ ಕಡೆಗೆ ತಿರುಗಿದೆನು. ಯಾವ ಪುಸ್ತಕವೆಂಬುದೂ ಜ್ಞಾಪಕವಿದೆ. ಹೇಳಿದರೆ ವಾಚಕರು ನಕ್ಕಾರು.

ಸಂಕ್ರಾಂತಿಯ ಹೊತ್ತಿಗೆ ನಾಯಿಯ ಸ್ವಭಾವ ಬದಲಾಯಿತು. ಅನ್ನವನ್ನು ಮೂಸಿ ಬಿಟ್ಟುಬಿಡುವುದು, ಸೌದೆಯ ರಾಶಿಯ ಹಿಂದೆ ಅವಿತುಕೊಳ್ಳುವುದು, ಕಡ್ಡಿ ಕಸವನ್ನು ಅಗಿಯುವುದು, ಬೊಗಳಿದರೆ ಒಡೆದ ಶಂಖದಂತೆ ಧ್ವನಿ ಬರುವುದು. ಮೂರನೆಯ ದಿನ ಬೆಳಗ್ಗೆ ನಮ್ಮ ಮನೆಗೆ ಹೂವು ಕೊಡಲು ಬಂದ ಏಳೆಂಟು ವರ್ಷದ ಹುಡುಗಿಯ ಮೀನಖಂಡಕ್ಕೆ ಬಾಯಿ ಹಾಕಿತು. ಸುದ್ದಿ ಕೇಳಿ ಓಡಿಬಂದ ತಾಯಿಯು ಗಾಯಕ್ಕೆ ಮೆಣಸಿನಪುಡಿ ಮೆತ್ತಲು ಹೊರಟಿದ್ದಳು. ನಾನು ತಡೆದು, ನಲ್ಲಿಯ ಕೆಳಗೆ ಕಾಲಿಟ್ಟು ಸಾಬೂನಿನಿಂದ ಕಾಲು ಗಂಟೆಯ ಹೊತ್ತು ತೊಳೆಯಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆನು. ವೈದ್ಯರು ಗಾಯದ ಸುತ್ತಲೂ ರಕ್ಷಕದ್ರವವನ್ನು ಚುಚ್ಚಿ, ತೋಳಿಗೆ ಮೊದಲ ಲಸಿಕೆಯನ್ನು ಹಾಕಿ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಗಳಲ್ಲಿ ತಪ್ಪದೆ ಬರಬೇಕೆಂದು ಚೀಟಿ ಬರೆದರು. ಬರೆಯುತ್ತ, “ನಾಯಿ ಯಾರದು?” ಎಂದು ಕೇಳಿದರು.

“ಯಾರದೂ ಅಲ್ಲ, ಬೀದಿನಾಯಿ” ಎಂದೆನು.

ಮಗುವಿಗೆ ಏನೂ ಆಗಲಿಲ್ಲ. ನಾಯಿ ಮಾರನೆಯ ದಿನ ಕೆರೆಯ ಏರಿಯ ಬಳಿ ಸತ್ತು ಬಿದ್ದಿತ್ತು. ಲಕ್ಷಣಗಳನ್ನು ಕೇಳಿದ ಪಶುವೈದ್ಯರು ಸಂಶಯಪಡುವುದಕ್ಕೆ ಕಾರಣವಿಲ್ಲವೆಂದರು. ಇಪ್ಪತ್ತೆಂಟನೆಯ ದಿನದ ಸೂಜಿಯಾದ ಮೇಲೆ ಹೂವಿನವಳು ಎರಡು ಮಾರು ಮಲ್ಲಿಗೆ ತಂದು, “ನಿಮ್ಮ ಪುಣ್ಯ ಮೇಷ್ಟ್ರೇ, ನನ್ ಮಗ ಉಳೀತು” ಎಂದು ಹಣ ತೆಗೆದುಕೊಳ್ಳದೆ ಹೋದಳು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಈ ಅಸಮಾಧಾನಕ್ಕೆ ಶಾಸ್ತ್ರೀಯವಾದ ಆಧಾರವುಂಟೋ, ಅಥವಾ ವಯೋಧರ್ಮದಿಂದ ಬಂದ ಮನೋದೌರ್ಬಲ್ಯವೋ ಎಂಬುದನ್ನು ವಿಚಾರಿಸೋಣ.

ಪೂರ್ವಪಕ್ಷವು ಬಲವಾಗಿಯೇ ಇದೆ. ನಾನು ನಾಯಿಯನ್ನು ಕೊಂಡವನಲ್ಲ, ಕಟ್ಟಿದವನಲ್ಲ, ಮರಿಯಿಂದ ಸಾಕಿದವನಲ್ಲ. ಹಾಕಿದ ಅನ್ನವು ಬಲಿ. ನಾಯಿಗೆ, ಕಾಗೆಗೆ, ಕ್ರಿಮಿಗೆ ಸಮಾನವಾಗಿ ಬಿಟ್ಟದ್ದು. ಆಹುತಿ ಕೊಡುವಾಗ ‘ನ ಮಮ’ ಎಂದು ಹೇಳುತ್ತೇವೆ, ಇದು ನನ್ನದಲ್ಲ. ಮಮತ್ವವಿಲ್ಲದ ದಾನದಿಂದ ಸಂಬಂಧವು ಹೇಗೆ ಹುಟ್ಟೀತು? ಸರ್ಕಾರದ ಕಾಯಿದೆಯೂ ಇದಕ್ಕೆ ಅನುಕೂಲವಾಗಿ ತೋರುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕಿದ ನಾಯಿಯ ಲಸಿಕೆಗೆ ಒಡೆಯನು ಹೊಣೆ. ಬೀದಿಯ ನಾಯಿಯದಕ್ಕೆ ಸ್ಥಳೀಯ ಸಂಸ್ಥೆ ಹೊಣೆ. ಕೆಂಪನು ಒಡೆಯನುಳ್ಳ ನಾಯಿಯಲ್ಲವಾದುದರಿಂದ ನನ್ನ ಉತ್ತರದಲ್ಲಿ ಸುಳ್ಳೇನಿದೆ?

ಬಹಳ ದಿನ ಈ ಪಕ್ಷವನ್ನೇ ಹಿಡಿದುಕೊಂಡಿದ್ದೆನು. ಆದರೆ ‘ನ ಮಮ’ ಎಂಬ ಮಾತಿನ ಅರ್ಥವನ್ನು ನೋಡಬೇಕಾಗಿತ್ತು. ಆಹುತಿಯ ಕಾಲದಲ್ಲಿ ಅದನ್ನು ಹೇಳುವವನು ತನ್ನ ಹಕ್ಕನ್ನು ಬಿಡುತ್ತಾನೆ, ತನ್ನ ಕರ್ತವ್ಯವನ್ನಲ್ಲ. ತುಪ್ಪವು ನನ್ನದಲ್ಲವೆಂದು ಹೇಳಿ ಅಗ್ನಿಯನ್ನು ಕೆಡಲು ಬಿಟ್ಟು ಎದ್ದುಹೋಗುವ ಯಜಮಾನನುಂಟೆ? ನಾನು ವೈದ್ಯರ ಮುಂದೆ ಹೇಳಿದ ‘ನಮ್ಮದಲ್ಲ’ವಾದರೋ ಹಕ್ಕನ್ನು ಬಿಡುವ ಮಾತಲ್ಲ. ಬಿಡುವುದಕ್ಕೆ ಅಲ್ಲಿ ಯಾವ ಹಕ್ಕೂ ಇರಲಿಲ್ಲ, ಇದ್ದದ್ದು ಹೊಣೆಯೊಂದೇ. ಅಕ್ಷರಗಳು ಅವೇ, ಅರ್ಥವು ವಿಪರೀತ. ಐವತ್ತು ವರ್ಷ ಮಂತ್ರ ಹೇಳಿದ ಬಾಯಿಗೆ ಈ ಭೇದವು ಹೊಳೆಯಲಿಲ್ಲ.

ಇನ್ನೊಂದು ವಿಷಯ. ನಾಯಿ ನಮ್ಮ ಬಾಗಿಲಿನಲ್ಲಿ ನಿಂತದ್ದು ನಮ್ಮ ಅನ್ನದಿಂದ. ಅನ್ನ ಹಾಕದೆ ಇದ್ದರೆ ಅದು ಇನ್ನೊಂದು ಬೀದಿಗೆ ಹೋಗುತ್ತಿತ್ತು. ಹೂವಿನ ಹುಡುಗಿ ಬರುವ ಹೊತ್ತಿಗೆ ಅದೇ ಜಗುಲಿಯ ಬಳಿ ಇರುತ್ತಿರಲಿಲ್ಲ. ಅದರ ಬೊಗಳುವಿಕೆಯಿಂದ ನಮಗೆ ರಾತ್ರಿ ನಿಶ್ಚಿಂತೆಯಾಗಿ ನಿದ್ರೆ ಬರುತ್ತಿತ್ತು. ಆಳಿನಿಂದ ಕೆಲಸ ತೆಗೆದುಕೊಂಡು, ಕಾಯಿಲೆ ಬಿದ್ದಾಗ ‘ಈತನನ್ನು ನಾನು ನೇಮಿಸಿಕೊಂಡೇ ಇರಲಿಲ್ಲ’ ಎನ್ನುವ ಒಡೆಯನನ್ನು ನಾವು ಏನೆಂದು ಕರೆಯುತ್ತೇವೆ? ಧರ್ಮರಾಯನ ನಾಯಿಯೂ ಅವನು ಸಾಕಿದ್ದಲ್ಲ. ಹಸ್ತಿನಾವತಿಯಿಂದ ತಾನಾಗಿ ಹಿಂಬಾಲಿಸಿ ಬಂದದ್ದು. ಇಂದ್ರನು ಅದನ್ನು ಬಿಟ್ಟು ರಥವನ್ನೇರು ಎಂದಾಗ ‘ಅದು ನನ್ನದಲ್ಲ’ ಎಂದು ಹೇಳಿದ್ದರೆ ಅಕ್ಷರಶಃ ಸತ್ಯವಾಗಿರುತ್ತಿತ್ತು. ಆತನು ಆ ಸತ್ಯವನ್ನು ಉಪಯೋಗಿಸಿಕೊಳ್ಳಲಿಲ್ಲ. ನಂಬಿ ಬಂದದ್ದನ್ನು ಬಿಡಲಾರೆನೆಂದನು. ಒಡೆತನದ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲೇ ಇಲ್ಲವೆಂಬುದು ಗಮನಿಸತಕ್ಕ ಸಂಗತಿ.

ಇಲ್ಲಿ ಈ ರೋಗದ ಸ್ವರೂಪವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ವಿಚಾರ ಸ್ಪಷ್ಟವಾಗದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ವಿಷದ ವರ್ಣನೆಯಿದೆ. ಕಚ್ಚಿಸಿಕೊಂಡವನು ನೀರನ್ನು ಕಂಡು ಹೆದರುವುದಕ್ಕೆ ಜಲತ್ರಾಸವೆಂದು ಹೆಸರಿಟ್ಟು, ಅದು ಮರಣಸೂಚಕವೆಂದು ಆಚಾರ್ಯನು ಹೇಳಿದ್ದಾನೆ. ಇಂದಿಗೂ ಆ ಮಾತು ಹಾಗೆಯೇ ನಿಂತಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಲೋಕದಲ್ಲೇ ಬೆರಳೆಣಿಕೆಯವರು. ಆದರೆ ವಿಷವು ರಕ್ತದಲ್ಲಿ ಓಡುವುದಿಲ್ಲ. ಜೊಲ್ಲಿನಿಂದ ಗಾಯವನ್ನು ಹೊಕ್ಕು, ನರಗಳ ದಾರಿಯಲ್ಲಿ ಮೆಲ್ಲಗೆ ಮೆದುಳಿನ ಕಡೆಗೆ ಸಾಗುತ್ತದೆ. ವಾರಗಳೂ ತಿಂಗಳುಗಳೂ ಹಿಡಿಯುವುದುಂಟು. ಆ ಅವಧಿಯಲ್ಲಿ ಲಸಿಕೆಯು ದೇಹವನ್ನು ಎಚ್ಚರಿಸಿದರೆ ಮನುಷ್ಯನು ಉಳಿದನು. 1885ರ ಜುಲೈ 6ರಂದು ಪಾಶ್ಚರನು ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮಾಡಿದ ಪ್ರಯೋಗದ ರಹಸ್ಯವಿದು. ನಮ್ಮ ದೇಶದಲ್ಲಿ ಮೊದಲು 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಆತನ ಹೆಸರಿನ ಸಂಸ್ಥೆ ಹುಟ್ಟಿತು. ದಕ್ಷಿಣದವರು ಅಷ್ಟು ದೂರ ತಲಪುವ ಮೊದಲೇ ಪ್ರಾಣ ಹೋಗುವ ಸಂಭವವಿತ್ತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ಸಂಸ್ಥೆ ಸ್ಥಾಪಿತವಾಯಿತು. ನಮ್ಮ ಹಿರಿಯರ ಬಾಯಲ್ಲಿ ‘ಕೂನೂರಿಗೆ ಹೋಗಿಬಂದವನು’ ಎಂದರೆ ಹುಚ್ಚುನಾಯಿ ಕಚ್ಚಿ ಉಳಿದವನೆಂದೇ ಅರ್ಥ.

ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದು. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗವು ನಾಯಿಯಿಂದ ನಾಯಿಗೆ ಹಾಯುವುದು ನಿಲ್ಲುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕೊಲ್ಲುವುದರಿಂದ ಹೀಗಾಗದು, ಕೊಂದ ಜಾಗಕ್ಕೆ ಬೇರೆ ನಾಯಿಗಳು, ಲಸಿಕೆಯಿಲ್ಲದವು, ಬಂದು ಸೇರುತ್ತವೆ. ಹಿಂದಿನ ಪುರಸಭೆಗಳವರು ವಿಷವಿಟ್ಟು, ಗುಂಡು ಹೊಡೆದು ಎಷ್ಟು ಕೊಂದರೂ ರೋಗ ಹೋಗಲಿಲ್ಲ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದೆಹಲಿಯ ನಾಯಿಗಳ ವ್ಯಾಜ್ಯ ನಡೆದು, ಆಗಸ್ಟ್ 11ರಂದು ಒಂದು ಆಜ್ಞೆ, 22ರಂದು ಅದರ ತಿದ್ದುಪಡಿ, ನವೆಂಬರ್ 7ರಂದು ಶಾಲೆ ಆಸ್ಪತ್ರೆ ನಿಲ್ದಾಣಗಳ ವಿಷಯದಲ್ಲಿ ಮತ್ತೊಂದು, ಹೀಗೆ ಬಂದುವು. ಆ ವಾದವಿವಾದದಲ್ಲಿ ಒಂದು ಪಕ್ಷದವರು ನಾಯಿಯ ಕಡೆ, ಇನ್ನೊಂದು ಪಕ್ಷದವರು ಮಗುವಿನ ಕಡೆ ನಿಂತಂತೆ ಪತ್ರಿಕೆಗಳು ಬರೆದುವು. ನಮ್ಮ ಜಗುಲಿಯಲ್ಲಿ ನಡೆದದ್ದನ್ನು ನೋಡಿದರೆ ಆ ವಿಭಾಗವು ನನಗೆ ಸರಿತೋರುವುದಿಲ್ಲ. ಒಂದು ಸೂಜಿಯಿಂದ ಇಬ್ಬರೂ ಉಳಿಯುತ್ತಿದ್ದರು. ಅದು ತಪ್ಪಿದ್ದರಿಂದ ಇಬ್ಬರಿಗೂ ಕೇಡಾಯಿತು.

ಆದರೂ ಕೆಲವು ಆಕ್ಷೇಪಗಳುಂಟು. ಅವುಗಳಲ್ಲಿ ಒಂದನ್ನು ನಮ್ಮ ಮನೆಯಲ್ಲೇ ಕೇಳಿದೆನು. ಮೂಕಪ್ರಾಣಿಯನ್ನು ಹಿಡಿದು, ಬಾಯಿ ಕಟ್ಟಿ, ಅದರ ಒಪ್ಪಿಗೆಯಿಲ್ಲದೆ ಚುಚ್ಚುವುದು ಹಿಂಸೆಯಲ್ಲವೆ? ಮಕ್ಕಳಿಗೂ ಕಿವಿ ಚುಚ್ಚುತ್ತೇವೆ, ಹಿಂದೆ ಸಿಡುಬಿಗೆ ದೇವಿ ಹಾಕಿಸುತ್ತಿದ್ದೆವು, ಅವರ ಒಪ್ಪಿಗೆ ಕೇಳಿದವರುಂಟೆ ಎಂದು ಸುಲಭವಾಗಿ ಉತ್ತರ ಹೇಳಬಹುದು. ನನ್ನ ಎಡತೋಳಿನ ಮೇಲೆ ದೇವಿಯ ಕಲೆ ಇನ್ನೂ ಇದೆ. ಹಾಕಿಸುವಾಗ ನಾನು ಅಟ್ಟದ ಮೇಲೆ ಅವಿತಿದ್ದೆನಂತೆ. ನಮ್ಮ ಸಂಸ್ಥಾನದಲ್ಲಿ ಈ ಪದ್ಧತಿಗೆ ಅರಮನೆಯ ಸ್ತ್ರೀಯರೇ ಮೇಲ್ಪಂಕ್ತಿ ಹಾಕಿದರು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಪಟವೊಂದರಲ್ಲಿ ಸೀರೆಯ ಸೆರಗನ್ನು ಸರಿಸಿ ತೋಳು ತೋರುತ್ತಿರುವ ರಾಣಿಯು ಮುಮ್ಮಡಿ ಕೃಷ್ಣರಾಜ ಒಡೆಯರ ಮಡದಿ ದೇವಾಜಮ್ಮಣ್ಣಿಯವರೆಂದೂ, ಲಸಿಕೆ ಹಾಕಿದ ಜಾಗವನ್ನೇ ಅವರು ತೋರುತ್ತಿರುವರೆಂದೂ ಚರಿತ್ರಕಾರರು ಊಹಿಸಿದ್ದಾರೆ. ಅದಿರಲಿ. ಮಗುವಿನ ದೃಷ್ಟಾಂತವು ಪೂರ್ತಿಯಾಗಿ ಹೊಂದುವುದಿಲ್ಲ. ಮಗು ದೊಡ್ಡದಾಗಿ ಅರ್ಥಮಾಡಿಕೊಳ್ಳುತ್ತದೆ. ಹೊಗಳುತ್ತದೆ, ಇಲ್ಲವೆ ದೂರುತ್ತದೆ. ನಾಯಿಯು ಎಂದಿಗೂ ಅರ್ಥಮಾಡಿಕೊಳ್ಳದು. ಅದಕ್ಕೆ ನೋವೊಂದೇ ಗೊತ್ತು. ಲಸಿಕೆ ಹಾಕಿಸದೆ ಹೋದರೂ ಅದು ನಮ್ಮನ್ನು ದೂರದು. ಹಾಕಿಸಿದರೂ ಹಾಕಿಸದಿದ್ದರೂ ಮಾತಾಡದ ಪ್ರಾಣಿಯ ವಿಷಯದಲ್ಲಿ ಸಾಕ್ಷಿಯು ನಮ್ಮೊಳಗಿನವನು ಒಬ್ಬನೇ. ಇದರಿಂದ ನೋವು ಮಾಡಬಾರದೆಂಬುದು ಸಿದ್ಧಿಸುವುದಿಲ್ಲ. ಮಾಡುವಾಗ ಕೈ ಹಗುರವಾಗಿರಬೇಕೆಂಬುದು ಮಾತ್ರ ಸಿದ್ಧಿಸುತ್ತದೆ.

ಎರಡನೆಯ ಆಕ್ಷೇಪವು ನನಗೆ ಹೆಚ್ಚು ಕಷ್ಟವಾದದ್ದು. ತರೀಕೆರೆಯ ಕಡೆ ನಮ್ಮ ಸೋದರಮಾವನವರೊಬ್ಬರಿದ್ದರು. ಈರುಳ್ಳಿಯನ್ನೂ ಮನೆಗೆ ತರದ ಆಚಾರವಂತರು. ನನ್ನ ಬಾಲ್ಯದಲ್ಲಿ ಅವರಿಗೆ ನಾಯಿ ಕಚ್ಚಿ, ಹೊಕ್ಕುಳ ಸುತ್ತ 14 ಸೂಜಿ ಹಾಕಿಸಿಕೊಂಡರು. ಆ ಮದ್ದು ಕುರಿಯ ಮೆದುಳಿನಲ್ಲಿ ರೋಗವನ್ನು ಬೆಳೆಸಿ ತೆಗೆದದ್ದೆಂದು ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಸೌಲಿಯಲ್ಲಿ 1911ರಲ್ಲಿ ಸೆಂಪಲ್ ಎಂಬ ವೈದ್ಯನು ಕಂಡುಹಿಡಿದ ಆ ಮದ್ದು ನಮ್ಮ ದೇಶದಲ್ಲಿ 2004ರ ಕೊನೆಯವರೆಗೂ ತಯಾರಾಗುತ್ತಿತ್ತು. ಅದರಿಂದ ಕೆಲವರಿಗೆ ಪಾರ್ಶ್ವವಾಯುವಾದದ್ದೂ ಉಂಟು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ್ದು. ಕುರಿಗಳ ಆ ವಧೆ ನಿಂತಿದೆ. ಆದರೂ ಮದ್ದಿನ ಬಲವನ್ನು ಇಲಿಗಳ ಮೇಲೆ ಪರೀಕ್ಷಿಸುವ ಪದ್ಧತಿಯಿತ್ತೆಂದು ಪುಸ್ತಕಗಳಲ್ಲಿ ಓದಿದೆನು. ನಾಯಿಯನ್ನು ಉಳಿಸಲು ಇಲಿಯನ್ನು ಕೊಲ್ಲಬಹುದೆ? ಮನುಷ್ಯನನ್ನು ಉಳಿಸಲು ಕುರಿಯನ್ನು? ಇದಕ್ಕೆ ನನ್ನಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಮಾವನವರು ಆಮೇಲೆ ಮೂವತ್ತು ವರ್ಷ ಬದುಕಿ, ಆರು ಜನ ಮಕ್ಕಳ ಮದುವೆ ಮಾಡಿದರು. ಆ ಕುರಿಗಳ ಋಣವು ಆ ಮನೆಯ ಮೇಲಿದೆ. ನಮ್ಮೆಲ್ಲರ ಮೇಲೂ ಇದೆ. ಋಣವಿರುವವನು ಇನ್ನಷ್ಟು ಪ್ರಾಣಹಾನಿಯಾಗದಂತೆ ನೋಡಿಕೊಳ್ಳಬೇಕೇ ಹೊರತು, ಹಿಂದೆ ಹಾನಿಯಾಯಿತೆಂಬ ನೆವದಿಂದ ಮದ್ದನ್ನೇ ಬಿಡುವುದು ಆ ಪ್ರಾಣಿಗಳನ್ನು ಎರಡನೆಯ ಸಲ ವ್ಯರ್ಥಮಾಡಿದಂತೆ. ಇಷ್ಟರಮಟ್ಟಿಗೆ ನನ್ನ ಬುದ್ಧಿ ಓಡುತ್ತದೆ. ಹೆಚ್ಚು ತಿಳಿದವರು ತಿದ್ದಬಹುದು.

ಮೂರನೆಯದು: ಇದೆಲ್ಲ ನಮ್ಮ ಪ್ರಾಣಭಯಕ್ಕೆ ಮಾಡುವುದಲ್ಲವೆ, ನಾಯಿಯ ಮೇಲಿನ ದಯೆಯೆಂದು ಏಕೆ ಹೇಳಿಕೊಳ್ಳಬೇಕು? ನಿಜ. ನಮ್ಮವರು ಪಶುಗಳಿಗೆ ಲಸಿಕೆಯನ್ನು ಬಲ್ಲವರೇ. ಅಜ್ಜಂಪುರದ ಅಮೃತಮಹಲ್ ದನಗಳ ನಾಡು ನಮ್ಮದು. ದೊಡ್ಡರೋಗ ಹೊಕ್ಕರೆ ಕೊಟ್ಟಿಗೆಗಳು ಒಂದೇ ವಾರದಲ್ಲಿ ಬರಿದಾಗುತ್ತಿದ್ದ ಕಾಲವನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಅದಕ್ಕೋಸ್ಕರವೇ ಮೈಸೂರು ಸರ್ಕಾರವು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಯಾರ ದನ, ಎಂಥ ದನ ಎಂದು ನೋಡದೆ ಊರೂರಿಗೆ ಹೋಗಿ ಲಸಿಕೆ ಹಾಕಿದ್ದರಿಂದ ಆ ರೋಗವು ಭೂಮಂಡಲದಲ್ಲೇ ಇಲ್ಲವಾಯಿತೆಂದು 2011ರಲ್ಲಿ ಘೋಷಿಸಿದರು. ದನಕ್ಕೆ ಹಾಕಿಸಿದ ನಾವು ನಾಯಿಗೆ ಹಾಕಿಸಲಿಲ್ಲ. ಏಕೆಂದರೆ ದನವು ಹಾಲು ಕೊಡುತ್ತದೆ, ನೇಗಿಲೆಳೆಯುತ್ತದೆ. ನಮ್ಮ ದಯೆಗೆ ಲಾಭದ ಅಳತೆಗೋಲಿತ್ತೆಂದು ಒಪ್ಪಿಕೊಳ್ಳುವುದೇ ಲೇಸು. ನಾಯಿಮರಿಗಳಿಗೆ ರಕ್ತಭೇದಿಯಾಗಿ ಸಾಯುವ ಪಾರ್ವೋ ಎಂಬ ರೋಗವುಂಟು. 1978ರ ಸುಮಾರಿಗೆ ಹೊಸದಾಗಿ ಕಾಣಿಸಿಕೊಂಡದ್ದು. ಡಿಸ್ಟೆಂಪರ್ ಎಂಬುದು ಇನ್ನೊಂದು. ಅವು ಮನುಷ್ಯನಿಗೆ ತಗಲುವುದಿಲ್ಲ. ಅವುಗಳಿಗೆ ಲಸಿಕೆ ಹಾಕಿಸುವವನ ದಯೆಯಲ್ಲಿ ಭಯದ ಬೆರಕೆಯಿಲ್ಲವೆನ್ನಬಹುದು. ಈ ಲಸಿಕೆಯ ವಿಷಯದಲ್ಲಿ ಪಶುವೈದ್ಯರು ಹೇಳಿದ ಮಾತೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮರಿಗೆ ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷೆಯೇ ಕೆಲವು ವಾರಗಳ ಕಾಲ ಲಸಿಕೆಯನ್ನೂ ತಡೆದುಬಿಡುವುದಂತೆ. ಆ ರಕ್ಷೆ ಯಾವ ದಿನ ಮುಗಿಯುವುದೆಂದು ಹೊರಗಿನಿಂದ ತಿಳಿಯದಾದುದರಿಂದ, ಆರೆಂಟು ವಾರಗಳಿಂದ ಹದಿನಾರು ವಾರಗಳವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕಬೇಕು. ರೇಬೀಸ್ ಲಸಿಕೆಯನ್ನೂ ಮೂರು ತಿಂಗಳಾದ ಮೇಲೆ ಹಾಕಿ, ಆಮೇಲೆ ವರ್ಷವರ್ಷವೂ ಹಾಕಿಸುವುದು ನಮ್ಮ ಕಡೆಯ ರೂಢಿ.

ಬೆಕ್ಕಿನ ಮಾತು ಬಿಟ್ಟೇಹೋಗಿತ್ತು. ಬೆಕ್ಕಿಗೂ ಈ ರೋಗ ಬರುತ್ತದೆ, ಅದರಿಂದ ಮನುಷ್ಯನಿಗೂ ಬರುತ್ತದೆ. ಈ ವರ್ಷ ನಮ್ಮ ಮನೆಯವರು ಅಡಿಗೆಮನೆಯ ಬೆಕ್ಕನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಪಶುವೈದ್ಯಶಾಲೆಗೆ ಹೋದರು. ಹೋಗುವಾಗ ಚೀಲದಲ್ಲಿ ಬೆಕ್ಕಿತ್ತು. ಬಾಗಿಲು ದಾಟುವಾಗ ಇರಲಿಲ್ಲ. ಎರಡನೆಯ ಸಲ ಬಿದಿರಿನ ಬುಟ್ಟಿಗೆ ಮುಚ್ಚಳ ಕಟ್ಟಿ ಒಯ್ದರು.

ಉಳಿದದ್ದು ದೈವವಾದಿಗಳ ಆಕ್ಷೇಪ. ಆಗತಕ್ಕದ್ದು ಆಗಿಯೇ ತೀರುವುದಾದರೆ ಸೂಜಿಯಿಂದೇನು? ತರ್ಕಶಾಸ್ತ್ರದಲ್ಲಿ ಪ್ರಾಗಭಾವವೆಂಬುದೊಂದುಂಟು, ಹುಟ್ಟುವ ಮೊದಲು ವಸ್ತುವು ಇಲ್ಲದಿರುವಿಕೆ. ಗಡಿಗೆ ಹುಟ್ಟಿತೆಂದರೆ ಗಡಿಗೆಯ ಪ್ರಾಗಭಾವ ನಾಶವಾಯಿತು. ರೋಗವು ಬಂದ ಮೇಲೆ ಹೋಗಲಾಡಿಸುವವನು ಚಿಕಿತ್ಸಕನು. ಅವನ ಕೆಲಸವು ಕಾಣುತ್ತದೆ, ಜನರು ಹೂವು ಹಣ್ಣು ತಂದು ಕೊಡುತ್ತಾರೆ. ಬಾರದಂತೆ ಮಾಡುವವನು ಒಂದು ಅಭಾವವನ್ನು ಕಾಯುತ್ತಾನೆ. ಅವನು ಮಾಡಿದ್ದೇನೂ ಕಾಣಿಸದು. ಮೂರು ತಿಂಗಳ ಮೊದಲು ನಾನು ಸರಪಣಿ ಹಿಡಿದು ಹೋಗಿದ್ದರೆ ಹೂವಿನವಳು ನನಗೆ ಮಲ್ಲಿಗೆ ಕೊಡುತ್ತಿರಲಿಲ್ಲ; ಕೊಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಹೋಗದೆ ಇದ್ದುದರಿಂದ ನನಗೆ ಮಲ್ಲಿಗೆಯೂ ಪುಣ್ಯವಂತನೆಂಬ ಹೆಸರೂ ಬಂದುವು. ಇದು ಎಂಥ ವಿಪರ್ಯಾಸವೆಂದು ನೋಡಬೇಕು. ಸರಮೆಯು ಹೇಳಿದ ಕಾಣದ ಭಯವು ಹೀಗೂ ಬರಬಹುದೆಂದು ವ್ಯಾಖ್ಯಾನಕಾರರು ಎಲ್ಲಿಯೂ ಬರೆದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮತ್ತೆ ಲಸಿಕೆಯವರು ಬಂದರು. ಕೆಂಪನ ಜಾಗಕ್ಕೆ ಬಿಳಿಯ ಮಚ್ಚೆಗಳ ಕರಿಯ ನಾಯಿಯೊಂದು ಬಂದು ಸೇರಿತ್ತು. ಎದುರುಮನೆಯ ಹುಡುಗನು ಈ ಸಲ ನನ್ನನ್ನು ಕೇಳಲಿಲ್ಲ. ನಾನೇ ಅವನನ್ನು ಕರೆದೆನು. ಹಗ್ಗ ಹಾಕಲು ಅರ್ಧ ಗಂಟೆ ಹಿಡಿಯಿತು. ಶಿಬಿರದಲ್ಲಿ ಒಬ್ಬ ಹುಡುಗಿ ದೊಡ್ಡ ಪುಸ್ತಕವಿಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು. ‘ಮಾಲೀಕರ ಹೆಸರು’ ಎಂದು ಒಂದು ಕಾಲಂ. ಆಕೆ ತಲೆಯೆತ್ತಿ ನೋಡಿದಳು. ನಾನು ಹೆಸರು ಹೇಳಿದೆನು. ತಂದೆಯ ಹೆಸರನ್ನೂ ಸೇರಿಸಿ ಹೇಳಿದೆನು, ಕೇಳದಿದ್ದರೂ. ಆ ಚೀಟಿಯು ಪಂಚಾಂಗದೊಳಗಿದೆ.

ಹೂವಿನವಳಿಗೆ ಮಾತ್ರ ಇನ್ನೂ ಹೇಳಿಲ್ಲ. ಎರಡು ಮೂರು ಸಲ ಬಾಯಿಯವರೆಗೆ ಬಂದು ನಿಂತಿತು. ಆಕೆಗೆ ಓದು ಬಾರದು. ಮಗಳು ಈಗ ನಾಲ್ಕನೆಯ ತರಗತಿ. ಹೂವು ಕೊಟ್ಟು ಹೋಗುವಾಗ ನಮ್ಮ ಜಗುಲಿಯ ಮೇಲಿನ ಪತ್ರಿಕೆಗಳನ್ನು ಕೂಡಿಸಿಕೊಂಡು ಓದುತ್ತಾಳೆ.